ಚೌಕಾಕಾರದ ಕುಂಕುಮ

ಗೋಡೆಗೆ ಮೊಳೆ ಹೊಡೆಯುವುದರಲ್ಲಿ ನನ್ನಷ್ಟು ನುರಿತವರು ಅಮೆರಿಕದ ಈ ಕರ್ಕ್‌ಲ್ಯಾಂಡಿನಲ್ಲೇ ಇಲ್ಲ ಎಂದು ಬಹಳ ಕಾಲ ನಂಬಿದ್ದೆ. ನನ್ನ ಹೆಂಡತಿ ಸುಧಾ ನಂಬಿರಲಿಲ್ಲ. ಪಕ್ಕದ ಮನೆಯ ಲಿನ್ ನಂಬಿದ್ದಳು. ಪಾಪ, ಅವಳು ನಮ್ಮ ಮನೆಯ ಗೋಡೆಗಳನ್ನು ನೋಡಿರಲಿಲ್ಲ.

ಲಿನ್ ಬಳಿ ಒಂಬತ್ತು ಶಾಯಿಚಿತ್ರಗಳಿದ್ದವು. ಚೀನಾದಲ್ಲಿ ಅವಳ ಅಪ್ಪ ಮತ್ತು ಅವರ ಗೆಳೆಯರು ಬರೆದವು. ಗಾಜು, ಚೌಕಟ್ಟು ಏನೂ ಇಲ್ಲ, ಸುರುಳಿ ಬಿಚ್ಚಿ ತೂಗುಹಾಕುವುದಷ್ಟೇ. ಬೆಟ್ಟವೋ ಎಮ್ಮೆಯೋ ತಿಳಿಯದಷ್ಟು ಮಾಡರ್ನ್. ಎಂಬತ್ತೆರಡರ ಅಪ್ಪ ಅಂದು ಸಂಜೆ ಮೊದಲ ಸಲ ಮಗಳ ಮನೆಗೆ ಬರುವವರಿದ್ದರು. ಅಷ್ಟರಲ್ಲಿ ಒಂಬತ್ತೂ ಗೋಡೆಯ ಮೇಲಿರಬೇಕೆಂಬುದು ಅವಳ ಆಸೆ. ಕೆಲಸ ನನಗೊಪ್ಪಿಸಿ ಏರ್‌ಪೋರ್ಟಿಗೆ ಹೊರಟಳು.

ಅಂದು ಆಯುಧಪೂಜೆ. ನಮ್ಮ ಡ್ರಿಲ್ಲು ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದು ದೇವರ ಮುಂದೆ ಕೂತಿತ್ತು. ನಾನು ಎತ್ತಿಕೊಂಡೆ.

"ರೀ, ಇವತ್ತು ಆಯುಧ ಮುಟ್ಬಾರ್ದು. ನಾಳೆವರೆಗೂ ಅದಕ್ಕೆ ರೆಸ್ಟು."

"ಅಮೆರಿಕದ ಡ್ರಿಲ್ಲು ಕಣೇ. ನಮ್ಮ ರಜೆ ಅದಕ್ಕೆ ಅಪ್ಲೈ ಆಗಲ್ಲ."

ಒಂದೂವರೆ ಗಂಟೆಯಲ್ಲಿ ಒಂಬತ್ತೂ ಲಿನ್ ಮನೆಯ ಗೋಡೆಗೇರಿದವು. ಸೊಟ್ಟಗಿದ್ದದ್ದು ಎರಡೇ. ಹಿಂದೆ ಸರಿದು, ಕೈಕಟ್ಟಿ, ಮೊದಲನೆಯದನ್ನು ನೋಡಿದೆ. ಕೆಳಮೂಲೆಯಲ್ಲಿ ಒಂದು ಕೆಂಪು ಕಲೆ! ಬೆರಳು ನೋಡಿಕೊಂಡೆ. ಬೆರಳೂ ಕೆಂಪು. ಡ್ರಿಲ್ಲಿನ ಕುಂಕುಮ!

ಸಾಕ್ಷ್ಯನಾಶವೇ ಸಭ್ಯ ನೆರೆಯವನ ಪ್ರಥಮ ಕರ್ತವ್ಯವೆಂದು ತೀರ್ಮಾನಿಸಿ, ಕರ್ಚೀಫು ಒದ್ದೆ ಮಾಡಿ ಉಜ್ಜಿದೆ. ಕಲೆ ಹೋಗಲಿಲ್ಲ, ಸಂಸಾರ ಹೂಡಿತು. ಕಡಲೆಬೀಜದಷ್ಟಿದ್ದದ್ದು ಕಾಯಿಹೋಳಿಗೆಯಷ್ಟಾಯಿತು. ಗಾಬರಿಯಲ್ಲಿ ಮಿಕ್ಕವನ್ನು ನೋಡಿದರೆ ಎಂಟರಲ್ಲೂ ಮೂಲೆಯಲ್ಲೊಂದು ಕೆಂಪು! ಇಷ್ಟು ಶಿಸ್ತಾಗಿ ನಾನು ಜೀವಮಾನದಲ್ಲಿ ಏನನ್ನೂ ಕೆಡಿಸಿದವನಲ್ಲ.

ಸುಧಾಗೆ ಫೋನ್ ಮಾಡಿದೆ. "ನಿಂಬೆಹಣ್ಣು ತಗೊಂಡು ಓಡಿ ಬಾ. ಎಲ್ಲಾದಕ್ಕೂ ಕುಂಕುಮ ಆಗ್ಬಿಟ್ಟಿದೆ."

ಬಂದಳು. ನೋಡಿದಳು. ನಿಂಬೆಹಣ್ಣನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು.

"ಕುಂಕುಮ ಚೌಕವಾಗಿರತ್ತೇನ್ರೀ?"

ನಾನು ಬಗ್ಗಿ ನೋಡಿದೆ. ಚೌಕವೇ.

"ಒಳಗೆ ಅಕ್ಷರ ಬೇರೆ ಇದೆ. ಇದು ಬರೆದವರ ಮುದ್ರೆ ಕಣ್ರೀ. ನೀವು ಉಜ್ಜಿರೋದು ಅವರ ಸಹಿ."

ಹೊರಗೆ ಲಿನ್ ಕಾರು ನಿಂತ ಸದ್ದಾಯಿತು.

ಅವಳ ಅಪ್ಪ, ಎಂಬತ್ತೆರಡರ ಅಜ್ಜ, ನೇರ ಮೊದಲ ಚಿತ್ರದ ಮುಂದೆಯೇ ನಿಂತರು. ಅದು ಅವರದೇ. ಆಗ ನನಗೆ ನಿಜವಾಗಿಯೂ ಅಳು ಬಂತು. ಸಮುದ್ರ ದಾಟಿ ಬಂದ ಹಿರಿಯರ ಸಹಿಯನ್ನೇ ಒರೆಸಿದ್ದೆನಲ್ಲ! ಪೂಜೆ, ಕುಂಕುಮ, ಕರ್ಚೀಫು ಎಲ್ಲವನ್ನೂ ಲಿನ್‌ಗೆ ಒಪ್ಪಿಸಿದೆ. ಅವಳು ಅಪ್ಪನಿಗೆ ಚೀನೀ ಭಾಷೆಯಲ್ಲಿ ಹೇಳಿದಳು. ಅಜ್ಜ ನನ್ನ ಡ್ರಿಲ್ಲಿನ ಸೇವಂತಿಗೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕುಂಚ ತರಿಸಿ, ಕಲೆಯ ಪಕ್ಕದಲ್ಲಿ ಮೇಲಿಂದ ಕೆಳಗೆ ಏನೋ ಬರೆದು, ಹೊಸ ಮುದ್ರೆ ಒತ್ತಿದರು.

ನಾನು ಉಬ್ಬಿಹೋದೆ. ಕಲಾಕೃತಿಯಲ್ಲಿ ನನಗೂ ಜಾಗ! "ಏನಂತ ಬರೆದ್ರು?"

ಲಿನ್ ನಗು ತಡೆದುಕೊಳ್ಳುತ್ತಾ ಹೇಳಿದಳು: "ಪಕ್ಕದ ಮನೆಯವನು ಇದನ್ನು ತೊಳೆದುಕೊಟ್ಟ. ಮನಸ್ಸು ಶುದ್ಧ, ಕೈ ಅಲ್ಲ."

ಈಗ ಅವರ ಮನೆಗೆ ಬರುವ ಚೀನೀ ನೆಂಟರೆಲ್ಲ ಮೊದಲು ಆ ಸಾಲು ಓದುತ್ತಾರೆ, ಆಮೇಲೆ ನನ್ನ ಕೈ ನೋಡುತ್ತಾರೆ. ಆಯುಧಪೂಜೆಯ ದಿನ ಸುಧಾ ಡ್ರಿಲ್ಲಿನ ಪಕ್ಕ ಒಂದು ಮಣೆ ಹಾಕಿ ನನ್ನನ್ನೂ ದೇವರ ಮುಂದೆ ಕೂರಿಸುತ್ತಾಳೆ. ನಾಳೆವರೆಗೂ ರೆಸ್ಟು.