ಹುಳು ಆರಿಸುವ ಕೈಗೆ ಆಟ ಕೊಟ್ಟರೆ

ಗುಂಪಿನಲ್ಲಿ ಒಂದು ಮಾತ್ರ ಬೇರೆಯಾಗಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಟ್ಟೆ ತುಂಬ ಕಡಲೆಬೀಜದ ನಡುವೆ ಮುರುಟಿದ ಒಂದು ಬೀಜ, ಮದುವೆಮನೆಯಲ್ಲಿ ಪರಿಚಯವೇ ಇಲ್ಲದವರ ಸೀರೆಯ ಮೇಲೆ ಅಂಟಿದ ಒಂದು ದಾರ, ಇವನ್ನು ತೆಗೆದುಹಾಕಿದ ಮೇಲೆಯೇ ನನಗೆ ಊಟ ರುಚಿಸುವುದು. ಒಮ್ಮೆ ಚಿಂತಾಮಣಿ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ತಲೆಯಿಂದ ನಾನು ಒಂದು ಬಿಳಿಗೂದಲನ್ನು ಕಿತ್ತೆ ಎಂದು ನನ್ನ ಗಂಡ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಕೈ ಚಾಚಿದ್ದು ನನಗೂ ನೆನಪಿದೆ. ಕಿತ್ತದ್ದು ನೆನಪಿಲ್ಲ. ಆದರೆ ಆ ಹೆಂಗಸು ಮುಂದಿನ ಸ್ಟಾಪಿನಲ್ಲೇ ಸೀಟು ಬದಲಾಯಿಸಿದ್ದು ನೆನಪಿದೆ, ಹಾಗಾಗಿ ಈ ವಿಷಯದಲ್ಲಿ ನಾನು ಹೆಚ್ಚು ವಾದ ಮಾಡುವುದಿಲ್ಲ.

ತಪ್ಪು ನನ್ನದಲ್ಲ, ನಾನು ಹುಟ್ಟಿದ ಮನೆಯದು. ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ನಮ್ಮದು ರೇಷ್ಮೆ ಹುಳು ಸಾಕುತ್ತಿದ್ದ ಮನೆ. ಮನುಷ್ಯರು ಒಂದು ಕೋಣೆಯಲ್ಲಿ, ಹುಳುಗಳು ಮೂರು ಕೋಣೆಯಲ್ಲಿ. ಹುಳುಗಳು ಒಟ್ಟಿಗೆ ಸೊಪ್ಪು ತಿನ್ನಬೇಕು, ಒಟ್ಟಿಗೆ ಜ್ವರಕ್ಕೆ ಕೂರಬೇಕು, ಒಟ್ಟಿಗೆ ಹಣ್ಣಾಗಿ ಗೂಡು ಕಟ್ಟಬೇಕು. ಜ್ವರ ಎಂದರೆ ಕಾಯಿಲೆಯಲ್ಲ; ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು, ಏನೋ ಯೋಚಿಸುವವರ ಹಾಗೆ ನಿಲ್ಲುತ್ತವಲ್ಲ, ಅದು. ಅದರಲ್ಲಿ ಹಿಂದೆ ಬಿದ್ದ ಹುಳು, ಬಣ್ಣ ತಿರುಗಿದ ಹುಳು ಕಂಡರೆ ರೋಗ ಹರಡದಂತೆ ಆರಿಸಿ ಸುಣ್ಣಕ್ಕೆ ಹಾಕಿ ಸಾಯಿಸಬೇಕು. ಒಂದಕ್ಕೆ ಅಯ್ಯೋ ಅಂದರೆ ಇಡೀ ಬೆಳೆ ಹೋಯಿತು. ಹೀಗೆ ಆರಿಸುವುದರಲ್ಲಿ ನಮ್ಮಮ್ಮನನ್ನು ಮೀರಿಸಿದವರು ಊರಲ್ಲಿರಲಿಲ್ಲ. ಎರಡನೆಯವಳು ನಾನು. ಇದೂ ನಾನು ಹೇಳಿಕೊಳ್ಳುವುದು. ಅಮ್ಮನನ್ನು ಕೇಳಿದರೆ ಎರಡನೆಯ ಸ್ಥಾನ ಖಾಲಿ ಇತ್ತು ಅನ್ನುತ್ತಾಳೆ.

ಈಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಯಲ್ಲಿ ಹುಳು ಇಲ್ಲ. ಬದಲಿಗೆ ನನ್ನ ಮಗಳು ಇಂಚರ ಟೀವಿಗೆ ಸಿಕ್ಕಿಸಿ ಆಡುವ ಒಂದು ಯಂತ್ರವಿದೆ, ಅದರೊಳಗೆ ನೂರಾರು ವಿಚಿತ್ರ ಪ್ರಾಣಿಗಳಿವೆ. ಹಿಡಿಯಬೇಕು, ಸಾಕಬೇಕು, ಕಾದಾಡಿಸಬೇಕು, ಅವು ಬೆಳೆದು ಬೇರೆ ರೂಪ ತಾಳುತ್ತವೆ. ಅವಳು ಎಂಟು ವರ್ಷದವಳಿದ್ದಾಗಿನಿಂದ ಆಡುತ್ತಿದ್ದಾಳೆ. ಈಗ ಹದಿನೆಂಟು, ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದುತ್ತಾಳೆ. ಕೆಲವು ವರ್ಷಗಳಿಗೊಮ್ಮೆ ಈ ಆಟಕ್ಕೆ ಹೊಸ ಜನರೇಶನ್ ಬರುತ್ತದೆ. ಈ ಸಲ ಬಂದಾಗ ಅರ್ಥಮಾಡಿಕೊಳ್ಳಲು ನಾನು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ.

"ಹಳೇದು ಏನಾಗುತ್ತೆ?" ಎಂದು ಕೇಳಿದೆ.

"ಇರುತ್ತೆ."

"ಮತ್ತೆ ಹೊಸದು ಯಾಕೆ?"

"ಹೊಸ ಊರು, ಹೊಸ ಪ್ರಾಣಿಗಳು ಅಮ್ಮ."

"ಹಳೇ ಪ್ರಾಣಿಗಳು?"

"ಕೆಲವು ಬರ್ತಾವೆ. ಕೆಲವು ಬರಲ್ಲ. ಕೆಲವು ಬರ್ತಾವೋ ಇಲ್ವೋ ಅಂತ ಆಮೇಲೆ ಹೇಳ್ತಾರೆ."

"ಯಾರು ಹೇಳ್ತಾರೆ?"

"ನಿಮ್ಮ ಟೀಚರ್ ಟ್ರಾನ್ಸ್‌ಫರ್ ಥರ ಅಂದ್ಕೋ ಅಮ್ಮ. ಕೌನ್ಸೆಲಿಂಗ್ ನಡೀತಾನೇ ಇರುತ್ತೆ."

ಅಷ್ಟು ಹೊತ್ತಿನ ಮಾತಿನಲ್ಲಿ ನನಗೆ ಅರ್ಥವಾದದ್ದು ಇದೊಂದೇ. ಅರ್ಥವಾದ ಮೇಲೆ ಆ ಪ್ರಾಣಿಗಳ ಬಗ್ಗೆ ಸ್ವಲ್ಪ ಕನಿಕರವೂ ಹುಟ್ಟಿತು.

ಹೊಸ ಜನರೇಶನ್ನಿಗೆ ಎಲ್ಲಕ್ಕಿಂತ ಮೊದಲು ಹೋಗಬೇಕಾಗಿದ್ದದ್ದು ಬೋಂಡ. ಇಂಚರ ಹಿಡಿದ ಮೊಟ್ಟಮೊದಲ ಪ್ರಾಣಿ ಅದು. ಗುಂಡಗಿತ್ತು, ಅದಕ್ಕೇ ಆ ಹೆಸರು. ಕೈಯಲ್ಲಿ ಹಿಡಿದು ಆಡುತ್ತಿದ್ದ ಹಳೆಯ ಯಂತ್ರದಿಂದ ಅದಕ್ಕಿಂತ ಹೊಸದಕ್ಕೆ, ಅದರಿಂದ ಈಗಿನದಕ್ಕೆ ಅದನ್ನು ಜೋಪಾನವಾಗಿ ದಾಟಿಸಿಕೊಂಡು ಬಂದಿದ್ದಳು. ಅದು ದೊಡ್ಡದಾಗಿ ರೂಪ ಬದಲಿಸಲು ಹೊರಟಾಗಲೆಲ್ಲ ಗುಂಡಿ ಒತ್ತಿ ತಡೆಯುತ್ತಿದ್ದಳು. ರೂಪ ಬದಲಿಸುವುದಕ್ಕೆ ಆಟದವರು ಎವಲ್ಯೂಶನ್ ಎಂದು ಕರೆದಿದ್ದಾರೆ. ಒಂದೇ ಜೀವಿ ತನ್ನ ಆಯಸ್ಸಿನಲ್ಲೇ ಬೇರೆ ರೂಪ ಪಡೆದರೆ ಅದು ವಿಕಾಸವಲ್ಲ, ರೂಪಪರಿವರ್ತನೆ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. "ಆಟಕ್ಕೂ ರೆಡ್ ಇಂಕ್ ಹಾಕ್ತೀಯಾ?" ಎನ್ನುತ್ತಾಳೆ. ಹೇಳಿದ್ದು ತಪ್ಪಾದರೆ ಹಾಕಬಾರದೆ?

ಇನ್ನು ಆದದ್ದನ್ನು ಹೇಳುತ್ತೇನೆ. ಆದ ಕ್ರಮದಲ್ಲೇ ಹೇಳುತ್ತೇನೆ ಎಂಬ ಭರವಸೆ ಬೇಡ. ನನ್ನ ತಲೆಯಲ್ಲಿ ಈ ಘಟನೆ ಈಗಾಗಲೇ ತೀರ ಅಚ್ಚುಕಟ್ಟಾಗಿ ಕೂತುಬಿಟ್ಟಿದೆ, ಅದೇ ನನಗೆ ಅನುಮಾನ. ಇಂಚರ ಕಾಲೇಜಿನ ಶಿಬಿರಕ್ಕೆಂದು ಒಂದು ವಾರ ತೊಂಡೇಬಾವಿ ಕಡೆಗೆ ಹೊರಟಳು. ಹೋಗುವ ಮುಂಚೆ ಆಟ ಹಚ್ಚಿ ನನಗೊಂದು ಕೆಲಸ ಒಪ್ಪಿಸಿದಳು. ಪ್ರಾಣಿಗಳನ್ನು ಇಡುವ ಒಂದು ಬಾಕ್ಸ್ ತುಂಬಿದೆ, ಅದರಲ್ಲಿ ಒಂದೇ ಜಾತಿಯವು ಮೂವತ್ತಿವೆ, ಒಂದನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟುಬಿಡಬೇಕು. "ಬೋಂಡನ ಇಟ್ಕೊಂಡು ಉಳಿದಿದ್ದು ಬಿಡು ಅಂದೆ" ಎಂದು ಈಗ ಅವಳು ಹೇಳುತ್ತಾಳೆ. "ಚೆನ್ನಾಗಿರೋದೊಂದು ಇಟ್ಕೊಂಡು" ಎಂದಳೆಂದು ನನಗೆ ನೆನಪು. ಸಾಕ್ಷಿಗೆ ನನ್ನ ಗಂಡನನ್ನು ಕರೆದರೆ, ಆ ಹೊತ್ತಿನಲ್ಲಿ ತಾವು ಮನೆಯಲ್ಲೇ ಇರಲಿಲ್ಲವೆಂದರು. ಅವರು ಸೋಫಾದ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಶನಿವಾರ ಮಧ್ಯಾಹ್ನ ಕೆಲಸಕ್ಕೆ ಕೂತೆ. ನಮ್ಮಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮಲ್ಲೇ ಇದ್ದಳು. ಡಾಕ್ಟರು ಕೊಟ್ಟ ಹಸಿರು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಬಂದು ಕೂತಳು. ಪರದೆಯ ಮೇಲೆ ಸಾಲುಸಾಲಾಗಿ ಮೂವತ್ತು ಪ್ರಾಣಿಗಳು, ಥೇಟು ಹುಳದ ತಟ್ಟೆ.

"ಯಾವ ಜಾತಿ ಹುಳಾನೇ ಇದು? ಇಷ್ಟ್ ದಪ್ಪಕ್ಕೈತೆ!"

"ಹುಳ ಅಲ್ಲಮ್ಮ, ಆಟ."

"ಆಟ ಆದ್ರೇನು, ಒಂದೇ ಸಮ ಇರ್ಬೇಕು ತಾನೆ? ಅಗೋ, ಎರಡನೇ ಸಾಲಲ್ಲಿ ನೋಡು, ಒಂದ್ರ ಬಣ್ಣ ತಿರುಗೈತೆ."

"ಎಲ್ಲಿ?"

"ಅಯ್ಯೋ ದೇವುಡಾ, ಕಣ್ ಆಪರೇಶನ್ ಆಗಿರೋದು ನಂಗಾ ನಿಂಗಾ?"

ಬಗ್ಗಿ ನೋಡಿದೆ. ಹೌದು, ಇಪ್ಪತ್ತೊಂಬತ್ತು ಒಂದು ಬಣ್ಣ, ಅದೊಂದು ಬೇರೆ ಬಣ್ಣ. ಅಮ್ಮ ನನ್ನ ಮಂಡಿಗೆ ತಿವಿದಳು. "ನೋಡ್ತಾ ಕೂತಿದ್ದೀಯಲ್ಲೇ, ಮಿಕ್ಕಿದ್ದಕ್ಕೆಲ್ಲ ಅಂಟ್ಕೊಳ್ಳುತ್ತೆ, ತೆಗ್ದಾಕು!" ಆ ದನಿಯಲ್ಲಿ ಆ ಮಾತು ಕೇಳಿ ಮೂವತ್ತು ವರ್ಷವಾಗಿತ್ತು. ನನ್ನ ಬೆರಳು ನನ್ನನ್ನು ಕೇಳಲಿಲ್ಲ. ನಿಜವಾಗಿಯೂ ಬಿಡಬೇಕೆ ಎಂದು ಆಟ ಕೇಳಿತು, ಹೌದು ಎಂದು ಒತ್ತಿದೆ. ಪ್ರಾಣಿ ಚಿಕ್ಕದಾಗಿ, ಇನ್ನೂ ಚಿಕ್ಕದಾಗಿ, ಮಾಯವಾಯಿತು. ಕೆಳಗೆ ಅಕ್ಷರ ಮೂಡಿತು: ಹೋಗಿ ಬಾ, ಬೋಂಡ.

ಹೆಸರು ಮೊದಲಿನಿಂದಲೂ ಪರದೆಯ ಒಂದು ಮೂಲೆಯಲ್ಲಿ ಇತ್ತಂತೆ. ಹುಳುವಿಗೆ ಹೆಸರಿರುವುದನ್ನು ನಮ್ಮ ಮನೆಯಲ್ಲಿ ಯಾರೂ ಕಂಡವರಲ್ಲ, ಹಾಗಾಗಿ ಮೂಲೆ ನೋಡುವ ಅಭ್ಯಾಸ ನನಗಿಲ್ಲ. ಅಲ್ಲಿಗೇ ಯಂತ್ರ ಆಫ್ ಮಾಡಿಬಿಟ್ಟಿದ್ದರೂ ಬೋಂಡ ಉಳಿಯುತ್ತಿತ್ತಂತೆ. ಆದರೆ ಶಾಲೆಯ ಕಂಪ್ಯೂಟರಿನಲ್ಲಿ ಅಂಕಪಟ್ಟಿ ತುಂಬಿ ತುಂಬಿ, ಏನೇ ಗಾಬರಿಯಾದರೂ ಸೇವ್ ಮಾಡುವ ಶಿಸ್ತು ನನಗೆ ಬಂದಿದೆ. ಸೇವ್ ಮಾಡಿದೆ. ಎರಡು ಸಲ.

ಭಾನುವಾರವೆಲ್ಲ ಆಟದ ಹುಲ್ಲುಗಾವಲಿನಲ್ಲಿ ಬೋಂಡನನ್ನು ಹುಡುಕಿಕೊಂಡು ಓಡಾಡಿದೆ. ಬಿಟ್ಟ ಪ್ರಾಣಿ ಎಲ್ಲೋ ಒಂದು ಕಡೆ ಇರಲೇಬೇಕಲ್ಲ ಎಂಬುದು ನನ್ನ ವಿಜ್ಞಾನ. ಬಾವಲಿಯಂಥದು, ಕಪ್ಪೆಯಂಥದು, ಛತ್ರಿಯಂಥದು, ಎಲ್ಲವೂ ಅಡ್ಡ ಬಂದವು. "ಸುಣ್ಣಕ್ಕಾಕಿದ್ದನ್ನ ಯಾರಾದ್ರೂ ಹುಡುಕ್ತಾರೇನೇ?" ಎಂದು ಅಮ್ಮ ನಕ್ಕಳು. ಆಮೇಲೆ ಬೋಂಡ ಏನೆಂದು ತಿಳಿಸಿದ ಮೇಲೆ ನಗು ನಿಲ್ಲಿಸಿ, "ಬಟನ್ ಒತ್ತಿದ್ದು ನಾನಲ್ಲಪ್ಪ" ಎಂದು ಕನ್ನಡಕ ಸರಿಮಾಡಿಕೊಂಡಳು.

ಇಂಚರ ಬಿಸಿಲಿಗೆ ಕಂದಿ, ಬ್ಯಾಗು ಎಳೆದುಕೊಂಡು ಬಂದಳು. ಕೈಕಾಲು ತೊಳೆಯುವ ಮುಂಚೆಯೇ ಹೇಳಿಬಿಟ್ಟೆ. ಕೂಗುತ್ತಾಳೆ ಎಂದುಕೊಂಡಿದ್ದೆ. ಬಾಕ್ಸ್ ತೆಗೆದು ಖಾಲಿ ಜಾಗ ನೋಡುತ್ತ ಕೂತಳು.

"ಬಣ್ಣ ಬೇರೆ ಇತ್ತು ಕಣೇ," ಎಂದೆ ನಾನು.

"ಬೇರೆ ಇದ್ದಿದ್ದಕ್ಕೇ ಅಮ್ಮ ಅದು ಬೋಂಡ. ಸಾವಿರಾರು ಹುಡುಕಿದ್ರೂ ಆ ಬಣ್ಣದ್ದು ಒಂದು ಸಿಗಲ್ಲ. ಅದಕ್ಕೊಂದು ಜೊತೆ ಬೇಕು ಅಂತ ಮೊಟ್ಟೆ ಇಡಿಸಿ ಇಡಿಸಿ ನೋಡ್ದೆ, ಇಪ್ಪತ್ತೊಂಬತ್ತೂ ಸಾದಾವೇ ಬಂದ್ವು. ನೀನು ಸಾದಾದನ್ನೆಲ್ಲ ಇಟ್ಕೊಂಡು ಅದನ್ನೇ ಬಿಟ್ಟಿದೀಯ."

ನಾನು ಬೋಂಡ ಸಿಕ್ಕ ದಿನದ ಮಾತು ತೆಗೆದೆ. ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ, ನನ್ನ ತೊಡೆಯ ಮೇಲೆ ಕೂತು ಆಡುತ್ತಿದ್ದಳು, ಸಿಕ್ಕಿತು ಎಂದು ಕಿರುಚಿದ್ದಕ್ಕೆ ಕಂಡಕ್ಟರ್ ತಿರುಗಿ ನೋಡಿದ. "ಇಲ್ಲಮ್ಮ," ಎಂದಳು ಇಂಚರ, "ನಂಗೆ ಚಿಕನ್‌ಪಾಕ್ಸ್ ಆಗಿತ್ತು. ಯಾರೂ ಹತ್ರ ಬರ್ತಿರಲಿಲ್ಲ. ಒಬ್ಳೇ ರೂಮಲ್ಲಿದ್ದೆ. ಅದಕ್ಕೇ ನೆನಪಿರೋದು." ನಾನು ಕಂಡಕ್ಟರನ ಮೀಸೆಯನ್ನೂ ವರ್ಣಿಸಿದೆ. ಅವಳು ಬೇವಿನಸೊಪ್ಪಿನ ವಾಸನೆ ಹೇಳಿದಳು. ಬೋಂಡ ಯಾವತ್ತು ಸಿಕ್ಕಿತು, ಎಲ್ಲಿ ಸಿಕ್ಕಿತು ಎಂದು ಅದರದೇ ಒಂದು ಪುಟದಲ್ಲಿ ದಾಖಲಾಗಿತ್ತಂತೆ. ತಾರೀಕು ನೋಡಿದ್ದರೆ ಯಾರ ಮಾತು ಸರಿ ಎಂದು ಗೊತ್ತಾಗುತ್ತಿತ್ತು. ಬೋಂಡನ ಜೊತೆಗೆ ಆ ಪುಟವೂ ಹೋಯಿತು.

ಆಗ ಅವಳ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡು, "ನೀನು ಬರಿತೀಯಲ್ಲ, ಬರಿ ಅದರ ಬಗ್ಗೆ. ನಿಂಗೆ ನೆನಪಿರೋದೆಲ್ಲ. ಹೊಸ ಜನರೇಶನ್‌ಗೆ ಏನಾದ್ರೂ ತಗೊಂಡು ಹೋಗ್ಬೇಕಲ್ಲ," ಎಂದಳು. ಇಷ್ಟು ಹಗುರವಾದ ಶಿಕ್ಷೆ ಎಂದು ನಾನು ಸಂತೋಷಪಟ್ಟು ಬರೆಯತೊಡಗಿದೆ.

ಇಲ್ಲಿಯವರೆಗೆ ಬರೆದದ್ದನ್ನು ಇವತ್ತು ಬೆಳಿಗ್ಗೆ ಅವಳ ಕೈಗೆ ಕೊಟ್ಟೆ. ನಿಂತುಕೊಂಡೇ ಓದಿದಳು. ಒಂದು ಕಡೆ ನಕ್ಕಳು, ಅಪ್ಪನ ಅವಲಕ್ಕಿ ಇರಬೇಕು. ಕೊನೆಗೆ ಹಾಳೆಗಳನ್ನು ಜೋಡಿಸಿ ನನ್ನ ಮುಂದಿಟ್ಟಳು.

"ಬಣ್ಣ ಬೇರೆ, ಬಣ್ಣ ಬೇರೆ ಅಂತ ಎಷ್ಟು ಸಲ ಬರ್ದಿದೀಯ ಅಮ್ಮ. ಯಾವ ಬಣ್ಣ ಅಂತ ಒಂದು ಕಡೆನೂ ಇಲ್ವಲ್ಲ?"

ಮೊದಲಿನಿಂದ ಓದಿ ನೋಡಿದೆ. ಇಲ್ಲ. ಕಣ್ಣು ಮುಚ್ಚಿದೆ. ಪರದೆ ಬಂತು, ಸಾಲು ಬಂತು, ಮಂಡಿಗೆ ತಿವಿದ ಅಮ್ಮನ ಬೆರಳು ಬಂತು. ಸಾಲಿನ ಆ ಒಂದು ಚೌಕದಲ್ಲಿ ಮಾತ್ರ ಏನೂ ಇಲ್ಲ. ಅಮ್ಮನನ್ನು ಕೇಳಿದರೆ, "ಆ ಕನ್ನಡಕದಲ್ಲಿ ನಂಗೆ ನಿನ್ ಮುಖಾನೂ ಹಸಿರೇ ಕಾಣ್ತಿತ್ತು. ಅದೊಂದು ಬ್ಯಾರೆ ಥರ ಇತ್ತು, ಅಷ್ಟೇ," ಎಂದಳು. "ನೀನೇ ಹೇಳೇ," ಎಂದು ಇಂಚರಳನ್ನು ಗೋಗರೆದೆ. "ಹೇಳಲ್ಲ, ನೀನು ಬರಿ," ಎಂದು ಕಾಲೇಜಿಗೆ ಹೊರಟುಹೋದಳು.

ಬೋಂಡನ ಬಣ್ಣ ಎಂದು ಬರೆದು, ಮುಂದೆ ಅಷ್ಟು ಜಾಗ ಬಿಟ್ಟು ಕೂತಿದ್ದೇನೆ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗೆ ಉತ್ತರ ತಿಳಿಯದ ನನ್ನ ಶಾಲೆಯ ಮಕ್ಕಳು, ಆಮೇಲೆ ಅಳಿಸಿದರೂ ಗೊತ್ತಾಗದಿರಲಿ ಎಂದು ತೆಳ್ಳಗೆ ಪೆನ್ಸಿಲಿನಲ್ಲಿ ಏನೋ ಒಂದು ಗೀಚಿರುತ್ತಾರೆ. ನಾನು ಅದಕ್ಕೆ ಅರ್ಧ ಅಂಕವನ್ನೂ ಕೊಡುವವಳಲ್ಲ. ಈಗ ಮನೆಯಲ್ಲಿ ಪೆನ್ಸಿಲು ಎಲ್ಲಿದೆ ಎಂದು ಹುಡುಕುತ್ತಿದ್ದೇನೆ.