ಬೆಳ್ಳಕ್ಕಿಯ ಹಳದಿ ಪಾದ

ತಪ್ಪು ಕಂಡರೆ ಸುಮ್ಮನಿರಲಾಗದ ಜನರಲ್ಲಿ ನಾನೂ ಒಬ್ಬ. ಬೇರೆಯವರ ಮನೆಗೆ ಹೋದರೂ ವಾಲಿದ ಕ್ಯಾಲೆಂಡರನ್ನು ನೇರ ಮಾಡಿಯೇ ಕೂರುತ್ತೇನೆ. ಊರಿನಲ್ಲಿ ಇದನ್ನು ಅಧಿಕಪ್ರಸಂಗ ಎನ್ನುತ್ತಿದ್ದರು. ಗಲ್ಫಿಗೆ ಬಂದ ಮೇಲೆ ಅಹ್ಮದಿಯ ಆಫೀಸಿನಲ್ಲಿ ಇದಕ್ಕೆ ಸೂಪರ್‌ವೈಸರ್ ಎಂಬ ಹುದ್ದೆ ಸಿಕ್ಕಿತು. ಆ ಹುದ್ದೆಯೂ ಈ ದೇಶದಲ್ಲಿರಲು ಬೇಕಾದ ನನ್ನ ಇಕಾಮಾ ಪರವಾನಗಿಯೂ ಈಗ ಒಂದು ಹಕ್ಕಿಯ ಕಾಲಡಿ ಸಿಕ್ಕಿಕೊಂಡಿವೆ.

ನನ್ನ ವೀಸಾಕ್ಕೆ ಹೊಣೆ ನಿಂತ ಕಫೀಲ್, ಆಫೀಸಿನ ಮಾಲೀಕ ಅಬು ಫಹದ್ ಅವರ ಕೋಣೆಯಲ್ಲಿ ನೂರೈವತ್ತು ವರ್ಷ ಹಳೆಯ ಚಿತ್ರವೊಂದಿತ್ತು: ಜೌಗಿನಲ್ಲಿ ನಿಂತ ಬೆಳ್ಳಕ್ಕಿ, ಕಲ್ಲಚ್ಚಿನಲ್ಲಿ ಮುದ್ರಿಸಿ ಕೈಯಿಂದ ಬಣ್ಣ ತುಂಬಿದ್ದು. ಅದರ ಗಾಜು ಒಡೆದಾಗ, ಮಂಗಫಿನ ಅಂಗಡಿಯಲ್ಲಿ ಹೊಸದು ಹಾಕಿಸಿ ತರುತ್ತೇನೆಂದು ಮುಂದೆ ಬಿದ್ದವನು ನಾನೇ. ಶುಕ್ರವಾರ ಚೌಕಟ್ಟು ಬಿಚ್ಚಿ ಊಟದ ಮೇಜಿನ ಮೇಲಿಟ್ಟು ನೋಡುತ್ತೇನೆ, ಹಕ್ಕಿಯ ಪಾದ ಕಪ್ಪು. ಗದ್ದೆಯಲ್ಲಿ ಬೆಳ್ಳಕ್ಕಿಗಳ ಹಿಂದೆಯೇ ಓಡಿ ಬೆಳೆದ ನನಗೆ ಅದು ಹಳದಿ ಎಂದು ಯಾರೂ ಹೇಳಿಕೊಡಬೇಕಿಲ್ಲ. ಆ ಕಾಲದ ಚಿತ್ರಕಾರರು ಎಷ್ಟೋ ಸಲ ಸತ್ತ ಹಕ್ಕಿಯ ಒಣಗಿದ ತೊಗಲು ನೋಡಿ ಬರೆಯುತ್ತಿದ್ದರು, ಅಷ್ಟರಲ್ಲಿ ಕಾಲಿನ ಬಣ್ಣ ಮಾಸಿರುತ್ತಿತ್ತು ಎಂದು ಎಲ್ಲೋ ಓದಿದ್ದೆ. ಪಾಪ, ಅವನೇನು ಮಾಡಿಯಾನು ಎಂದು ಕ್ಷಮಿಸಿ, ಮಗಳ ಪೋಸ್ಟರ್ ಕಲರ್ ತೆಗೆದು ಎರಡೂ ಪಾದಗಳಿಗೆ ಹಳದಿ ಬಳಿದೆ.

ಮಗಳು ಬಂದು ನೋಡಿ, ಮೊಬೈಲಿನಲ್ಲಿ ಹುಡುಕಿ ಹೇಳಿದಳು, "ಪಪ್ಪಾ, ದಿಸ್ ಈಸ್ ಗ್ರೇಟ್ ಎಗ್ರೆಟ್. ಫೀಟ್ ಬ್ಲ್ಯಾಕೇ ಇರ್ಬೇಕು." ಹಳದಿ ಪಾದ ಇರುವುದು ಸಣ್ಣ ಬೆಳ್ಳಕ್ಕಿಗಂತೆ, ಇದು ದೊಡ್ಡದಂತೆ.

"ನಿಮಗೆ ಯಾಕೆ ಬೇಕಿತ್ತು ಮಾರಾಯ್ರೆ? ಗಾಜು ಹಾಕಿಸ್ಲಿಕ್ಕೆ ಮಾತ್ರ ಅಲ್ವಾ ತಂದದ್ದು?" ಎಂದಳು ಹೆಂಡತಿ. ಒದ್ದೆ ಹತ್ತಿಯಿಂದ ಒರೆಸಲು ಹೋದರೆ ಕಾಗದವೇ ಎದ್ದು ಬರುವಂತೆ ಕಂಡಿತು, ಕೈಬಿಟ್ಟೆ. ಎರಡು ದಿನ ಅನ್ನ ಸೇರಲಿಲ್ಲ. ಕೆಲಸ ಹೋದರೆ ಮಗಳ ಶಾಲೆ ಏನು, ಮನೆ ಏನು ಎಂದೇ ಯೋಚನೆ.

ಭಾನುವಾರ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅಬು ಫಹದ್ ಬೈಯಲಿಲ್ಲ. ಅವರ ಮುಖ ಬಿಳಿಚಿಕೊಂಡಿತು. ಎದ್ದು ಬಾಗಿಲು ಹಾಕಿ ಬಂದು, ತಮ್ಮ ಅರೆಬರೆ ಹಿಂದಿಯಲ್ಲಿ ಮೆಲ್ಲಗೆ ಹೇಳಿದರು: ಚಿತ್ರ ಅವರದಲ್ಲ, ಹೆಂಡತಿಯ ತಂದೆಯದು. ನಾಲ್ಕು ದಿನಕ್ಕೆಂದು ಕೇಳಿ ತಂದದ್ದು. ಗಾಜು ಒಡೆದದ್ದೂ ಮಾವನಿಗೆ ಗೊತ್ತಿಲ್ಲ.

ಆಗ ನನಗಾದ ಸಂತೋಷವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹನ್ನೆರಡು ವರ್ಷ ನಾನು ಹೆದರಿದ ಮನುಷ್ಯ ಇನ್ನೊಬ್ಬರಿಗೆ ಹೆದರುವುದನ್ನು ಕಣ್ಣಾರೆ ಕಂಡೆ. ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಚಹಾ ಕುಡಿದೆವು. ಲೋಟ ಕೆಳಗಿಟ್ಟು ಅವರೆಂದರು, "ಖಲಾಸ್, ಭಾಯಿ. ಗುರುವಾರ ಮಾವ ಬರ್ತಾರೆ. ಹಳದಿಯೇ ಸರಿ ಅಂತ ನೀನೇ ಅವರಿಗೆ ಹೇಳು. ನಿನಗೆ ಹಕ್ಕಿ ಗೊತ್ತಲ್ಲ."

ಇವತ್ತು ಬುಧವಾರ. ಮೂರು ದಿನದಿಂದ ಸ್ನಾನದ ಮನೆಯಲ್ಲಿ ಅದನ್ನೇ ಅರಬಿಯಲ್ಲಿ ಹೇಳಿ ಅಭ್ಯಾಸ ಮಾಡುತ್ತಿದ್ದೇನೆ. ಬೆಳಗ್ಗೆಯಿಂದ ನನಗೇ ಅದು ನಿಜವೆನಿಸತೊಡಗಿದೆ. ಈಗ ಹೆಚ್ಚು ಭಯವಾಗುತ್ತಿರುವುದು ಅದಕ್ಕೇ.