ಅನ್ಯಗ್ರಹದ ದಂಡಯಾತ್ರೆಗೆ ಕನ್ನಡದ ತೇಪೆ

ಸಿನಿಮಾದಲ್ಲಿ ಬೇರೆ ಗ್ರಹದವರು ವರ್ಷಕ್ಕೆ ನಾಲ್ಕು ಸಲವಾದರೂ ಭೂಮಿಯ ಮೇಲೆ ದಂಡೆತ್ತಿ ಬರುತ್ತಾರೆ, ಪ್ರತಿ ಸಲವೂ ಏನಾದರೊಂದು ಎಡವಟ್ಟು ಮಾಡಿಕೊಂಡೇ ಬರುತ್ತಾರೆ. ಅವರ ಎಡವಟ್ಟುಗಳನ್ನು ಚೆನ್ನೈನಲ್ಲಿ ಕೂತು ಮುಚ್ಚಿಹಾಕಿದವನು ನಾನು. ಪರದೇಶದ ಚಿತ್ರಗಳಿಗೆ ಕನ್ನಡ ಡಬ್ಬಿಂಗ್ ಸಂಭಾಷಣೆ ಬರೆಯುತ್ತಿದ್ದೆ. ನಮ್ಮ ಪ್ರೊಡ್ಯೂಸರ್ ತಮಿಳಿನವರು. ಬೇರೆ ಯಾರೂ ಕೈಯಿಂದ ಮುಟ್ಟದ ಚಿತ್ರಗಳನ್ನೇ ಹುಡುಕಿ ತರುವುದರಲ್ಲಿ ನಿಸ್ಸೀಮರು.

ನನ್ನ ಮಾವನವರು ಉಡುಪಿ ಕಡೆಯವರು, ಚೆನ್ನೈನ ಪುರಸೈವಾಕ್ಕಂನಲ್ಲಿ ಅವರದೊಂದು ಸಸ್ಯಾಹಾರಿ ಹೋಟೆಲ್ ಇದೆ. "ಬೇರೆಯವರು ಒಮ್ಮೆ ಆಡಿದ ಮಾತನ್ನು ಇನ್ನೊಮ್ಮೆ ಬರೆಯುವುದು ಎಂತ ಉದ್ಯೋಗ ಮಾರಾಯ್ರೆ?" ಎನ್ನುವುದು ಅವರ ಖಾಯಂ ಪ್ರಶ್ನೆ. ಮದುವೆಯಾದ ದಿನದಿಂದ ಅವರ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನನಗಾಗಿ ಒಂದು ಕುರ್ಚಿ ಕಾಯುತ್ತಿತ್ತು. ಆ ಕುರ್ಚಿಯಿಂದ ಹನ್ನೊಂದು ವರ್ಷ ತಪ್ಪಿಸಿಕೊಂಡಿದ್ದೆ.

ಈ ಸಲದ ಚಿತ್ರಕ್ಕೆ ಪ್ರೊಡ್ಯೂಸರ್ ಒಂದು ಷರತ್ತು ಹಾಕಿದರು. "ಸಾರ್, ಹೋದ ಪಡಂ ನೋಡಿ ಜನ ಸಿರಿಚಿಟ್ಟಾಂಗೆ, ನಕ್ಕುಬಿಟ್ರು. ಈ ಸಲ ಮೊದಲು ನಿಮ್ಮ ಕನ್ನಡದೋರಿಗೆ ತೋರಿಸ್ತೀನಿ. ಒಬ್ಬರು, ಒಬ್ಬರೇ ಒಬ್ಬರು 'ಅದು ಹೆಂಗೆ?' ಅಂತ ಕೇಳಿದ್ರೂ ಮುಂದಿನ ಪಡಂ ಬೇರೆ ರೈಟರ್‌ಗೆ."

ಸುದ್ದಿ ನನ್ನ ಹೆಂಡತಿಯಿಂದ ಮಾವನವರಿಗೆ ಹೋಯಿತು. ಮಾರನೆಯ ದಿನವೇ ಅವರು ಆ ಕುರ್ಚಿಯ ಮೇಲಕ್ಕೆ ಹೊಸ ಫ್ಯಾನ್ ಹಾಕಿಸಿದರು.

ಬೆನ್ನಿನ ಮಾತು

ಡಬ್ಬಿಂಗ್‌ನಲ್ಲಿ ಒಂದು ಗುಟ್ಟಿದೆ. ಮುಖ ಕಾಣುವಾಗ ಮಾತು ತುಟಿಗೆ ಹೊಂದಬೇಕು. ಬೆನ್ನು ಕಾಣುವಾಗ ಯಾರ ಬಾಯಲ್ಲಿ ಏನು ಬೇಕಾದರೂ ಆಡಿಸಬಹುದು. ಕಥೆಯ ತೂತುಗಳನ್ನೆಲ್ಲ ನಾನು ಮುಚ್ಚುತ್ತಿದ್ದದ್ದು ಬೆನ್ನುಗಳಿಂದಲೇ.

ಈ ಚಿತ್ರದಲ್ಲಿ ಹಾರುವ ಹಡಗು ಬರುವುದು ಮಟಮಟ ಮಧ್ಯಾಹ್ನ. ನಾಯಕಿ ಕಿಟಕಿಯಿಂದ ಇಣುಕಿದರೆ ಹೊರಗೆ ಕಗ್ಗತ್ತಲು. ಪುಣ್ಯಕ್ಕೆ ಪಕ್ಕದ ಮನೆಯವನೊಬ್ಬ ಬೆನ್ನು ಹಾಕಿ ನಿಂತಿದ್ದ. ಅವನ ಬಾಯಲ್ಲಿ, "ನೋಡಿ, ಹಡಗಿನ ನೆರಳಿಗೆ ಊರೇ ಕತ್ತಲಾಯಿತು" ಎಂದು ಹೇಳಿಸಿದೆ. ಪ್ರೊಡ್ಯೂಸರ್ ಬೆನ್ನು ತಟ್ಟಿದರು.

ಮುಂದಿನ ಶಾಟ್‌ನಲ್ಲಿ ಮತ್ತೆ ಬಿಸಿಲು. ಪಕ್ಕದ ಮನೆಯವನು ಅಷ್ಟರಲ್ಲಿ ಸತ್ತಿದ್ದ. ಬೆನ್ನು ತೋರಿಸುತ್ತಿದ್ದದ್ದು ಒಂದು ನಾಯಿ ಮಾತ್ರ. ಕೊನೆಗೆ ಎಲ್ಲೋ ರೇಡಿಯೋ ಹಾಡುತ್ತಿದೆ ಎಂದು ಮಾಡಿ ವಾರ್ತೆ ಓದಿಸಿದೆ: "ಸಾರ್ವಜನಿಕರ ಗಮನಕ್ಕೆ. ಬಟ್ಟೆ ಒಣಗಿಸಲು ಅನುಕೂಲವಾಗಲೆಂದು ಹಡಗು ಸ್ವಲ್ಪ ಪಕ್ಕಕ್ಕೆ ಸರಿದಿದೆ."

ಲಿಫ್ಟು

ಬಂದವರು ಮೊದಲು ಮಾಡಿದ ಕೆಲಸ ಇಡೀ ಊರಿನ ಕರೆಂಟ್ ತೆಗೆದದ್ದು. ಆದರೂ ನಾಯಕ ಲಿಫ್ಟಿನಲ್ಲಿ ಇಪ್ಪತ್ತನೇ ಮಹಡಿಗೆ ಹೋಗುತ್ತಾನೆ. ಲಿಫ್ಟಿನೊಳಗೆ ಅವನ ಬೆನ್ನು ಕಂಡಿತು. "ಜನರೇಟರ್ ಇದೆ" ಎಂದು ಬರೆದೆ.

ನಾಯಕನಿಗೆ ದನಿ ಕೊಡುವವರು ವೇಲಚೇರಿಯ ಫ್ಲಾಟಿನಲ್ಲಿರುವ ಮೈಸೂರಿನವರು. ಮಾತು ಓದಿ ಹೆಡ್‌ಫೋನ್ ಕಳಚಿಟ್ಟರು. "ಇದನ್ನ ನನ್ ಬಾಯಲ್ಲಿ ಹೇಳಿಸ್ಬೇಡಿ. ನಮ್ ಫ್ಲಾಟಲ್ಲಿ ಕರೆಂಟ್ ಹೋದ್ರೆ ಜನರೇಟರ್‌ನಿಂದ ಲಿಫ್ಟ್ ಓಡಲ್ಲ. ಸೆಕ್ರೆಟರಿ ಮನೆ ಎ.ಸಿ. ಓಡತ್ತೆ, ಅಷ್ಟೇ."

ಎಷ್ಟು ಹೇಳಿದರೂ ಜಗ್ಗಲಿಲ್ಲ. ಹೀಗಾಗಿ ಭೂಮಂಡಲವನ್ನು ಕಾಪಾಡುವ ಮಹಾವಿಜ್ಞಾನಿಯಾದ ನಾಯಕ, ಜನರೇಟರ್ ಸಿಗಲೆಂದು, ನನ್ನ ಕನ್ನಡದಲ್ಲಿ ಫ್ಲಾಟ್ ಅಸೋಸಿಯೇಷನ್ನಿನ ಸೆಕ್ರೆಟರಿಯೂ ಆದ.

ಬಾಯಿಲ್ಲದ ಸೇನಾಪತಿ

ಬೆನ್ನಿಗಿಂತ ದೊಡ್ಡ ವರ ಎಂದರೆ ಈ ಚಿತ್ರದ ಅನ್ಯಗ್ರಹದ ಸೇನಾಪತಿ. ಅವನಿಗೆ ಬಾಯಿಯೇ ಇಲ್ಲ. ಅವನಿಂದ ಎಲ್ಲಿ ಏನು ಬೇಕಾದರೂ ಹೇಳಿಸಬಹುದು.

ಈ ಮಹಾಶಯ ಕೋಟಿಗಟ್ಟಲೆ ಮೈಲಿ ದಾಟಿ ನಾಯಕಿಯ ಮನೆ ಬಾಗಿಲಿಗೆ ಬರುತ್ತಾನೆ. ಅವಳು ಆಗಲೇ ಓಡಿಹೋಗಿದ್ದಾಳೆ. ಇವನು ಅಡುಗೆಮನೆ ಕಿಟಕಿಯ ಪಕ್ಕ ಸ್ವಲ್ಪ ಹೊತ್ತು ನಿಂತು, ಬಾಗಿಲನ್ನು ಮುಟ್ಟದೆ, ಬಂದ ದಾರಿ ಹಿಡಿಯುತ್ತಾನೆ. ಯಾಕೆ ಎಂದು ಕೇಳಿದರೆ ನನ್ನ ಕಥೆ ಮುಗಿದಂತೆ. "ಬಾಗಿಲು ಹಾಕಿದೆ, ನಾಳೆ ಬರೋಣ" ಎಂದು ಬರೆದೆ.

ಪ್ರೊಡ್ಯೂಸರ್ ತಲೆದೂಗಿದರು. "ಕರೆಕ್ಟ್ ಸಾರ್. ಸಿಲಿಂಡರ್ ತರೋರೂ ಇದೇ ಹೇಳ್ತಾರೆ. ನಾವು ಒಳಗೇ ಇರ್ತೀವಿ."

ಒಲೆ

ಅಡ್ಯಾರ್‌ನ ಒಂದು ಪುಟ್ಟ ಹಾಲ್‌ನಲ್ಲಿ ಪ್ರದರ್ಶನ. ನಲವತ್ತು ಕನ್ನಡ ಮಂದಿ. ಮುಂದಿನ ಸಾಲಿನಲ್ಲಿ ಬಿಳಿ ಪಂಚೆಯುಟ್ಟು ಮಾವನವರು.

ಚಿತ್ರ ಮುಗಿಯಿತು. ಪ್ರೊಡ್ಯೂಸರ್ ಮೈಕ್ ಹಿಡಿದು, "ಯಾರಿಗಾದ್ರೂ ಸಂದೇಹ?" ಎಂದರು. ಹಗಲು ರಾತ್ರಿಯ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಲಿಫ್ಟನ್ನೂ ಒಪ್ಪಿಕೊಂಡರು. ಗೆದ್ದೆ ಅಂದುಕೊಂಡೆ.

ಆಗ ಮಾವನವರು ಎದ್ದರು. "ನಂದೊಂದು ಉಂಟು. ಆ ಹುಡುಗಿ ಶುರುವಿಗೇ ಹಾಲು ಒಲೆ ಮೇಲಿಟ್ಟು ಓಡಿದ್ಲಲ್ಲ, ಗ್ಯಾಸ್ ಆಫ್ ಮಾಡಿದ್ದು ಯಾರು?"

ಹಾಲ್‌ನಲ್ಲಿ ಗುಜುಗುಜು ಎದ್ದಿತು. ಹಿಂದಿನಿಂದ ಒಬ್ಬ ಹೆಂಗಸು, "ನಾನೂ ಅದನ್ನೇ ಕಾಯ್ತಾ ಇದ್ದೆ. ಎರಡು ದಿನ ಆದ್ಮೇಲೆ ವಾಪಸ್ ಬರ್ತಾಳೆ, ಮನೆ ಇದ್ದ ಹಾಗೇ ಇದೆ. ಅದು ಹೇಗೆ?" ಎಂದರು. ಇನ್ನೊಬ್ಬರು, "ಆ ಒಲೆ ಚಿಂತೇಲಿ ನಂಗೆ ಯುದ್ಧಾನೇ ತಲೆಗೆ ಹತ್ತಲಿಲ್ಲ" ಎಂದರು. ಒಬ್ಬರಂತೂ ಎದ್ದು ಆಚೆ ಹೋಗಿ ತಮ್ಮ ಮನೆಗೇ ಫೋನ್ ಮಾಡಿ ವಿಚಾರಿಸಿಕೊಂಡರು.

ಮಾವನವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ನಾಳೆ ಆರಕ್ಕೆ ಬನ್ನಿ. ಫ್ಯಾನ್ ರೆಡಿ ಉಂಟು." ನನಗೆ ಅಳುವೇ ಬಂತು.

ಪ್ರೊಡ್ಯೂಸರ್ ಕಾಲು ಹಿಡಿಯುವುದೊಂದು ಬಾಕಿ. ಅಂತೂ ಒಂದು ವಾರ ಗಿಟ್ಟಿಸಿಕೊಂಡೆ. ಇಡೀ ಚಿತ್ರ ಜಾಲಾಡಿದೆ. ಆ ಎರಡು ದಿನ ಅಡುಗೆಮನೆಯ ಹತ್ತಿರ ಸುಳಿದವನು ಒಬ್ಬನೇ, ಬಾಯಿಲ್ಲದ ಸೇನಾಪತಿ. ಕಿಟಕಿಯ ಹತ್ತಿರ ಅವನ "ನಾಳೆ ಬರೋಣ" ಅಳಿಸಿ, "ಏನೋ ಕಾದ ಹಾಲಿನ ವಾಸನೆ" ಎಂದು ಹಾಕಿದೆ. ಕೊನೆಯಲ್ಲಿ ನಾಯಕನ ಗುಂಡು ತಿಂದು ಬಿದ್ದು ನಾಯಕಿಯನ್ನೇ ನೋಡುತ್ತಾ ಸಾಯುತ್ತಾನೆ, ಅಲ್ಲಿ ಮೆಲ್ಲಗೆ ಹೇಳಿಸಿದೆ: "ತಂಗೀ, ಕಿಟಕಿಯಿಂದಲೇ ಕೈ ಹಾಕಿ ನಿಮ್ಮನೆ ಗ್ಯಾಸ್ ಆಫ್ ಮಾಡಿದ್ದೇನೆ. ಹಾಲು ಉಕ್ಕಲಿಲ್ಲ."

ಮುಂದಿನ ವಾರ ಅದೇ ಹಾಲ್, ಅದೇ ನಲವತ್ತು ಜನ. ಆ ಮಾತು ಬಂದಾಗ ಎಲ್ಲರೂ ನಿಟ್ಟುಸಿರು ಬಿಟ್ಟರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ದೀಪ ಹತ್ತಿತು. ಯಾರೂ ಏನೂ ಕೇಳಲಿಲ್ಲ. ಮಾವನವರೂ ಏಳಲಿಲ್ಲ. ನಾನು ಉಳಿದೆ.

ಪ್ರೊಡ್ಯೂಸರ್ ಮೈಕ್ ಹಿಡಿದರು. ಮೂಗು ಒರೆಸಿಕೊಂಡರು. ನನ್ನ ಕಡೆ ತಿರುಗಿ ಹೇಳಿದರು: "ಆದ್ರೆ ಸಾರ್, ಗ್ಯಾಸ್ ಆಫ್ ಮಾಡಿದ ಅಷ್ಟು ನಲ್ಲ, ಒಳ್ಳೇ ಮನುಷನ್ನ ಕೊಂದುಬಿಟ್ರಲ್ಲ, ಅದು ಹೆಂಗೆ?"

ಮಾವನವರು ಪಂಚೆ ಕೊಡವಿಕೊಂಡು ಎದ್ದರು. "ಒಬ್ಬರು ಕೇಳಿದ್ರು ಮಾರಾಯ್ರೆ."

ಇದನ್ನು ಪುರಸೈವಾಕ್ಕಂನಲ್ಲಿ ಕೂತು ಬರೆಯುತ್ತಿದ್ದೇನೆ. ಫ್ಯಾನ್ ಚೆನ್ನಾಗಿ ಗಾಳಿ ಕೊಡುತ್ತದೆ. ಹೋಟೆಲ್ ಮುಚ್ಚುವಾಗ ಒಲೆಗಳನ್ನೆಲ್ಲ ಆರಿಸಿದೆಯೇ ಎಂದು ನೋಡುವ ಜವಾಬ್ದಾರಿಯನ್ನು, ನನಗೆ ಅನುಭವವಿದೆಯೆಂದು, ಮಾವನವರು ನನಗೇ ವಹಿಸಿದ್ದಾರೆ.